ಕಸುಬು ಕಲಿತ ಕೈ ಮತ್ತು ಸರಕಾರಿ ಹುದ್ದೆಯ ಬಾಗಿಲು

ಮದ್‌ಯನ್‌ನ ಬಾವಿಯ ಬಳಿ ಇಬ್ಬರು ಯುವತಿಯರ ಕುರಿಗಳಿಗೆ ನೀರು ಕುಡಿಸಿದ ಹಝ್ರತ್ ಮೂಸಾ(ಅ)ರ ಪ್ರಸಂಗವನ್ನು ನಾವೆಲ್ಲ ಬಾಲ್ಯದಿಂದಲೂ ಕೇಳುತ್ತ ಬಂದಿದ್ದೇವೆ. ಸೂರಃ ಅಲ್‌ಕಸಸ್‌ನಲ್ಲಿ ಬರುವ ಈ ಪ್ರಸಂಗದಲ್ಲಿ ನೇಮಕಾತಿಯ ಒಂದು ಮೂಲತತ್ವ ಅಡಗಿದೆ. ಆ ಯುವತಿಯರಲ್ಲೊಬ್ಬಳು, ಈತನನ್ನು ಕೆಲಸಕ್ಕೆ ಇಟ್ಟುಕೊಳ್ಳಬೇಕೆಂದು ತನ್ನ ತಂದೆಗೆ ಸಲಹೆ ನೀಡುತ್ತಾಳೆ. ಅದಕ್ಕೆ ಅವಳು ಕೊಡುವ ಕಾರಣಗಳು ಎರಡೇ: ಆತ ಸಮರ್ಥ, ಆತ ವಿಶ್ವಾಸಾರ್ಹ. ಮೂಸಾ(ಅ) ಆಗ ಊರು ತೊರೆದು ಬಂದ ಅಪರಿಚಿತರು. ಅವರ ಬಳಿ ಯಾರ ಶಿಫಾರಸೂ ಇರಲಿಲ್ಲ. ಅವರ ಸಾಮರ್ಥ್ಯಕ್ಕೆ ಸಾಕ್ಷಿಯಾದುದು ಅವಳು ಕಣ್ಣಾರೆ ಕಂಡ ಕೆಲಸ ಮಾತ್ರ.

ಇಂದಿನ ಸರಕಾರವು ಲಕ್ಷಾಂತರ ಅರ್ಜಿದಾರರ ಕೆಲಸವನ್ನು ಹೀಗೆ ಕಣ್ಣಾರೆ ಕಂಡು ಆರಿಸಲಾರದು. ಆದುದರಿಂದ ಅದು ಕಾಗದವನ್ನು ಕೇಳುತ್ತದೆ. ಕೇಳುವುದು ತಪ್ಪಲ್ಲ. ಪ್ರಶ್ನೆ ಇರುವುದು ಯಾವ ಕಾಗದ ಎಂಬುದರಲ್ಲಿ. ವಿದ್ಯುತ್ ತಂತಿ ಜೋಡಿಸುವ, ಬಸ್ಸಿನ ಎಂಜಿನ್ ಬಿಚ್ಚುವ, ರೈಲಿನ ಗಾಲಿ ಪರೀಕ್ಷಿಸುವ, ನೀರಿನ ಪಂಪು ನೋಡಿಕೊಳ್ಳುವ ಹುದ್ದೆಗೆ ಬೇಕಾದುದು ಆ ಕೆಲಸವನ್ನು ಕಲಿತಿದ್ದಾನೆಂಬ ಸಾಕ್ಷಿಯೋ, ಹದಿನಾರನೆಯ ವಯಸ್ಸಿನಲ್ಲಿ ಸಮಾಜ ವಿಜ್ಞಾನದಲ್ಲಿ ಎಷ್ಟು ಅಂಕ ಬಂದಿತ್ತೆಂಬ ಸಾಕ್ಷಿಯೋ? ಕಸುಬಿನ ಹುದ್ದೆಗೆ ಕಸುಬಿನ ಪ್ರಮಾಣಪತ್ರವೇ ಪೂರ್ಣ ಪ್ರವೇಶಾರ್ಹತೆಯಾಗಬೇಕು ಎಂಬುದು ನನ್ನ ಅಭಿಪ್ರಾಯ. ಇದು ನಮ್ಮ ಮನೆಗಳಿಗೆ ಹೊರಗಿನ ಚರ್ಚೆಯಲ್ಲ. ಗ್ಯಾರೇಜು, ವೆಲ್ಡಿಂಗ್ ಅಂಗಡಿ, ವೈರಿಂಗ್, ಕೊಳಾಯಿ, ಬಡಗಿ ಕೆಲಸಗಳಲ್ಲಿ ನಮ್ಮ ಸಮುದಾಯದ ಎಷ್ಟೊಂದು ಮಕ್ಕಳ ಬದುಕು ಸಾಗುತ್ತಿದೆ ಎಂಬುದನ್ನು ಪ್ರತಿಯೊಂದು ಮಹಲ್ಲಾವೂ ಬಲ್ಲದು.

ಶಿಶಿಕ್ಷು ಎಂದರೆ ಯಾರು?

ಸರಕಾರಿ ಕಾಗದಗಳಲ್ಲಿ ಶಿಶಿಕ್ಷು ಎಂದು ಕರೆಯಲ್ಪಡುವ ಅಪ್ರೆಂಟಿಸನು ಯಾರೋ ಕರುಣೆಯಿಂದ ಕೆಲಸಕ್ಕೆ ಸೇರಿಸಿಕೊಂಡ ಹುಡುಗನಲ್ಲ. ಅವನ ಹಿಂದೆ ಸಂಸತ್ತಿನ ಕಾನೂನಿದೆ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಉದ್ಯೋಗದಾತನೂ ಶಿಶಿಕ್ಷುವೂ ಒಪ್ಪಂದಕ್ಕೆ ಸಹಿ ಹಾಕುತ್ತಾರೆ. ಅಪ್ರಾಪ್ತನಾದರೆ ಅವನ ಪೋಷಕರು ಸಹಿ ಹಾಕುತ್ತಾರೆ. ಆ ಒಪ್ಪಂದ ನೋಂದಣಿಯಾಗುತ್ತದೆ. 2019ರ ನಿಯಮ ತಿದ್ದುಪಡಿಯಂತೆ 30 ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಶೇ. 2.5ರಿಂದ ಶೇ. 15ರಷ್ಟು ಶಿಶಿಕ್ಷುಗಳನ್ನು ತೆಗೆದುಕೊಳ್ಳಲೇಬೇಕು. ಅದೇ ತಿದ್ದುಪಡಿಯಲ್ಲಿ ಕನಿಷ್ಠ ಶಿಷ್ಯವೇತನವನ್ನು ವಿದ್ಯಾರ್ಹತೆಗೆ ತಕ್ಕಂತೆ ತಿಂಗಳಿಗೆ 5,000 ರೂಪಾಯಿಯಿಂದ 9,000 ರೂಪಾಯಿಯವರೆಗೆ ನಿಗದಿಪಡಿಸಲಾಯಿತು. ನಿಗದಿತ ಕಸುಬುಗಳಲ್ಲಿ ತರಬೇತಿ ಮುಗಿದ ಮೇಲೆ ಅಖಿಲ ಭಾರತ ಮಟ್ಟದ ಪರೀಕ್ಷೆ ಇರುತ್ತದೆ. ಅದರಲ್ಲಿ ತೇರ್ಗಡೆಯಾದವನಿಗೆ ಸಿಗುವುದೇ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರ.

ಇದರರ್ಥ, ಆ ಪ್ರಮಾಣಪತ್ರವನ್ನು ಕೊಡುವುದು ಸರಕಾರದ ವ್ಯವಸ್ಥೆಯೇ. ಅದಕ್ಕೆ ಪಠ್ಯಕ್ರಮವನ್ನು ನಿಗದಿಪಡಿಸುವುದೂ ಸರಕಾರವೇ. ತರಬೇತಿ ನಡೆಯುವ ಸ್ಥಳವೂ ಅನೇಕ ವೇಳೆ ಸರಕಾರದ್ದೇ: ರೈಲ್ವೆ ಕಾರ್ಯಾಗಾರ, ಸಾರಿಗೆ ನಿಗಮದ ಡಿಪೋ, ವಿದ್ಯುತ್ ಸರಬರಾಜು ಕಂಪನಿ, ಬೆಂಗಳೂರಿನ ಎಚ್‌ಎಎಲ್, ಬಿಇಎಲ್‌ಗಳಂತಹ ಸಾರ್ವಜನಿಕ ಉದ್ದಿಮೆಗಳು. ತಾನೇ ಕಲಿಸಿ, ತಾನೇ ಪರೀಕ್ಷಿಸಿ, ತಾನೇ ಸಹಿ ಹಾಕಿ ಕೊಟ್ಟ ಕಾಗದವನ್ನು ನಾಳೆ ತನ್ನದೇ ಕಚೇರಿಯ ಕಿಟಕಿಯಲ್ಲಿ ಸರಕಾರ ಸಾಲದೆಂದು ಹಿಂತಿರುಗಿಸಿದರೆ ಅದು ಒಪ್ಪತಕ್ಕ ನ್ಯಾಯವಲ್ಲ.

ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು

ಎಲ್ಲ ಇಲಾಖೆಗಳೂ ಹೀಗೆ ಮಾಡುತ್ತವೆ ಎಂದು ಹೇಳಿದರೆ ಅದು ಸತ್ಯಕ್ಕೆ ಅಪಚಾರವಾದೀತು. ಇಸ್ರೊ ಸಂಸ್ಥೆಯು ತನ್ನ 'ಟೆಕ್ನಿಷಿಯನ್-ಬಿ' ಹುದ್ದೆಗೆ ಎಸ್‌ಎಸ್‌ಎಲ್‌ಸಿಯ ಜೊತೆಗೆ ಸಂಬಂಧಪಟ್ಟ ಕಸುಬಿನ ಐಟಿಐ ಪ್ರಮಾಣಪತ್ರವನ್ನೋ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರವನ್ನೋ ಕೇಳುತ್ತದೆ. ರೈಲ್ವೆಯ ಸಹಾಯಕ ಲೋಕೊ ಪೈಲಟ್ ಹುದ್ದೆಗೆ ಹತ್ತನೆಯ ತರಗತಿಯೊಂದಿಗೆ ಐಟಿಐ ಆದವರಂತೆಯೇ ನಿಗದಿತ ಕಸುಬುಗಳಲ್ಲಿ ಕಾಯ್ದೆಯಡಿ ಅಪ್ರೆಂಟಿಸ್‌ಶಿಪ್ ಮುಗಿಸಿದವರೂ ಅರ್ಜಿ ಹಾಕಬಹುದು. 2019ರಲ್ಲಿ ರೈಲ್ವೆಯು ಮೊದಲನೇ ಹಂತದ ಹುದ್ದೆಗಳಿಗೆ ಅರ್ಜಿ ಕರೆದಾಗ ಹತ್ತನೆಯ ತರಗತಿ ಅಥವಾ ಐಟಿಐ ಅಥವಾ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರ, ಇವುಗಳಲ್ಲಿ ಒಂದಿದ್ದರೆ ಸಾಕೆಂದು ಸಾರಿತು. ಬಾಹ್ಯಾಕಾಶಕ್ಕೆ ರಾಕೆಟ್ ಕಳುಹಿಸುವ ಸಂಸ್ಥೆಗೆ ಯೋಗ್ಯವೆನಿಸಿದ ಕಾಗದವು ಊರಿನ ಕಂಬಕ್ಕೆ ತಂತಿ ಎಳೆಯುವ ಸಂಸ್ಥೆಗೆ ಏಕೆ ಯೋಗ್ಯವಾಗಬಾರದು?

ಈ ಪ್ರಶ್ನೆಯನ್ನು ಕೇಳಲು ಕಾರಣವಿದೆ. ನಮ್ಮ ರಾಜ್ಯದ ವಿದ್ಯುತ್ ಪ್ರಸರಣ ನಿಗಮವು 2024ರಲ್ಲಿ ಕಿರಿಯ ಪವರ್‌ಮ್ಯಾನ್ ಹುದ್ದೆಗಳಿಗೆ ಅರ್ಜಿ ಕರೆದಾಗ ನಿಗದಿಪಡಿಸಿದ ವಿದ್ಯಾರ್ಹತೆ ಎಸ್‌ಎಸ್‌ಎಲ್‌ಸಿ. ಆಯ್ಕೆಗೆ ಆಧಾರ ಎಸ್‌ಎಸ್‌ಎಲ್‌ಸಿಯ ಅಂಕಗಳು ಮತ್ತು ದೇಹದಾರ್ಢ್ಯ ಪರೀಕ್ಷೆ. ಆ ಪರೀಕ್ಷೆಯಲ್ಲಿ ಎಂಟು ಮೀಟರ್ ಎತ್ತರದ ಕಂಬ ಹತ್ತುವುದು ಕಡ್ಡಾಯ. ಎರಡು ವರ್ಷ ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಕಸುಬು ಕಲಿತು, ಅನಂತರ ಒಂದು ವರ್ಷ ಲೈನ್‌ಮ್ಯಾನ್‌ಗಳ ಜೊತೆಯಲ್ಲೇ ಅಪ್ರೆಂಟಿಸ್ ಆಗಿ ದುಡಿದ ಯುವಕನಿಗೂ, ಟೆಸ್ಟರ್ ಹಿಡಿದೇ ನೋಡದ ಯುವಕನಿಗೂ ಅಲ್ಲಿ ಅಳತೆಗೋಲು ಒಂದೇ. ಅಂಕಪಟ್ಟಿಯಲ್ಲಿ ಎರಡು ಶೇಕಡಾ ಕಡಿಮೆಯಿದ್ದರೆ ಕಸುಬು ಬಲ್ಲವನು ಹಿಂದೆ ಉಳಿಯುತ್ತಾನೆ.

ನನ್ನ ಬಳಿ ಕುರ್‌ಆನ್ ಕಲಿತ ಒಬ್ಬ ಹುಡುಗನ ಸ್ಥಿತಿ ಇದೇ ಆಯಿತು. ಅವನು ಎಲೆಕ್ಟ್ರಿಷಿಯನ್ ಕಸುಬಿನಲ್ಲಿ ಐಟಿಐ ಮುಗಿಸಿ, ಸಾರ್ವಜನಿಕ ಉದ್ದಿಮೆಯೊಂದರಲ್ಲಿ ಶಿಶಿಕ್ಷುವಾಗಿ ಪ್ರಮಾಣಪತ್ರ ಪಡೆದ. ಕಲಿಯುವ ಕಾಲದಲ್ಲಿ ಅವನಿಗೆ ದೊಡ್ಡ ಟ್ರಾನ್ಸ್‌ಫಾರ್ಮರ್‌ಗಳ ಬಳಿ ಕೆಲಸ ಮಾಡಿಸಿದರು. ಹುದ್ದೆಗೆ ಅರ್ಜಿ ಹಾಕುವ ಕಾಲ ಬಂದಾಗ ಮಾತ್ರ ಅವನ ಎಸ್‌ಎಸ್‌ಎಲ್‌ಸಿಯ ಸಾಧಾರಣ ಅಂಕಗಳನ್ನು ನೋಡಿದರು. ಈಗ ಅವನು ಮನೆಗಳ ವೈರಿಂಗ್ ಮಾಡುತ್ತ ಬದುಕುತ್ತಿದ್ದಾನೆ. ಹಲಾಲಾದ ದುಡಿಮೆ, ಅಲ್‌ಹಮ್ದುಲಿಲ್ಲಾಹ್. ಆದರೆ ಸಾರ್ವಜನಿಕ ಹಣದಿಂದ ಅವನಿಗೆ ಕೊಟ್ಟ ತರಬೇತಿಯು ಸಾರ್ವಜನಿಕ ಸೇವೆಗೆ ಒದಗಲಿಲ್ಲ. ಅವನ ಬದಲಿಗೆ ಆಯ್ಕೆಯಾದವನಿಗೆ ಇಲಾಖೆಯು ಅದೇ ಕೆಲಸವನ್ನು ಮೊದಲಿನಿಂದ ಕಲಿಸಬೇಕು. ಒಂದೇ ವಿದ್ಯೆಗೆ ಖಜಾನೆಯು ಎರಡು ಬಾರಿ ವೆಚ್ಚ ಮಾಡುತ್ತದೆ. ಸಾರ್ವಜನಿಕ ಹಣವೂ ಒಂದು ಅಮಾನತ್ ತಾನೆ?

ಕೊಟ್ಟ ಮಾತುಗಳು

ಸರಕಾರಕ್ಕೆ ಈ ತೊಡಕು ತಿಳಿಯದೆ ಇಲ್ಲ. 2013ರ ಡಿಸೆಂಬರ್ 27ರಂದು ಕೇಂದ್ರ ಸರಕಾರವು ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟನ್ನು ಅಧಿಸೂಚನೆಯ ಮೂಲಕ ಜಾರಿಗೆ ತಂದಿತು. ಶಾಲಾ ಕಲಿಕೆ ಮತ್ತು ಕಸುಬಿನ ಕಲಿಕೆ ಎರಡನ್ನೂ ಒಂದೇ ಏಣಿಯ ಮೆಟ್ಟಿಲುಗಳಾಗಿ ಕಾಣುವುದು ಅದರ ಆಶಯ. ಅಧಿಸೂಚನೆಯ ಮೂರು ವರ್ಷಗಳ ಬಳಿಕ ಕೇಂದ್ರ ಸರಕಾರದ ಮತ್ತು ಅದರ ಉದ್ದಿಮೆಗಳ ನೇಮಕಾತಿ ನಿಯಮಗಳನ್ನು ಈ ಮೆಟ್ಟಿಲುಗಳಿಗೆ ಅನುಗುಣವಾಗಿ ತಿದ್ದಲಾಗುವುದೆಂದೂ, ರಾಜ್ಯಗಳೂ ಹಾಗೆಯೇ ಮಾಡುವಂತೆ ಪ್ರೋತ್ಸಾಹಿಸಲಾಗುವುದೆಂದೂ ಅದರಲ್ಲಿ ಬರೆಯಲಾಗಿತ್ತು. ಆ ಮೂರು ವರ್ಷಗಳು 2016ರಲ್ಲೇ ಮುಗಿದವು. ಇಂದಿಗೂ ಉದ್ಯೋಗ ಪ್ರಕಟಣೆಗಳನ್ನು ತೆರೆದು ನೋಡಿದರೆ ಎಸ್‌ಎಸ್‌ಎಲ್‌ಸಿ, ಪಿಯುಸಿ, ಪದವಿ ಎಂಬ ಹಳೆಯ ಭಾಷೆಯೇ ಮುಂದುವರಿದಿದೆ.

ಕಾನೂನಿನ ಇನ್ನೊಂದು ಬದಿಯನ್ನೂ ಗಮನಿಸಬೇಕು. ಅಪ್ರೆಂಟಿಸ್ ಕಾಯ್ದೆಯ 22ನೇ ಕಲಮು ತರಬೇತಿ ಮುಗಿಸಿದವನಿಗೆ ಉದ್ಯೋಗ ಕೊಡಲೇಬೇಕೆಂಬ ಹೊಣೆಯನ್ನು ಮೊದಲಿನಿಂದಲೂ ಹೇರಿರಲಿಲ್ಲ. 2014ರ ತಿದ್ದುಪಡಿಯ ನಂತರ, ತನ್ನಲ್ಲಿ ತರಬೇತಿ ಮುಗಿಸಿದವರ ನೇಮಕಾತಿಗಾಗಿ ಪ್ರತಿಯೊಬ್ಬ ಉದ್ಯೋಗದಾತನೂ ತನ್ನದೇ ನೀತಿಯನ್ನು ರೂಪಿಸಬೇಕು ಎಂದಷ್ಟೇ ಅದು ಹೇಳುತ್ತದೆ. ಇದಕ್ಕೂ ಮುಂಚೆ, 1995ರಲ್ಲಿ, ಉತ್ತರ ಪ್ರದೇಶ ರಾಜ್ಯ ರಸ್ತೆ ಸಾರಿಗೆ ನಿಗಮದ ಶಿಶಿಕ್ಷುಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಮಧ್ಯಮ ಮಾರ್ಗವನ್ನು ತೋರಿಸಿತು. ಉಳಿದೆಲ್ಲ ಅಂಶಗಳು ಸಮಾನವಾಗಿದ್ದಾಗ ತರಬೇತಾದ ಶಿಶಿಕ್ಷುವಿಗೆ ಹೊರಗಿನ ಅಭ್ಯರ್ಥಿಗಿಂತ ಆದ್ಯತೆ ಸಿಗಬೇಕು. ಉದ್ಯೋಗ ವಿನಿಮಯ ಕಚೇರಿಯಿಂದ ಅವನ ಹೆಸರು ಬರಬೇಕೆಂದು ಒತ್ತಾಯಿಸಬಾರದು. ತರಬೇತಾದವರ ಪಟ್ಟಿಯನ್ನು ಸಂಸ್ಥೆಯು ಇಟ್ಟುಕೊಳ್ಳಬೇಕು ಎಂಬುದು ಅದರ ಸಾರ. ನೌಕರಿಯು ಶಿಶಿಕ್ಷುವಿನ ಹಕ್ಕೆಂದು ನ್ಯಾಯಾಲಯ ಹೇಳಲಿಲ್ಲ. ಅವನ ಕಲಿಕೆಯನ್ನು ಕಡೆಗಣಿಸಲು ಸಹ ಬಿಡಲಿಲ್ಲ.

ಆದರೆ ಈ ಆದ್ಯತೆ ಹೇಗಿರಬೇಕೆಂಬುದು ಸ್ಪಷ್ಟವಾಗದಿದ್ದಾಗ ಏನಾಗುತ್ತದೆ ಎಂಬುದನ್ನು ರೈಲ್ವೆಯ ಅನುಭವ ತೋರಿಸಿದೆ. ರೈಲ್ವೆಯು ಮೊದಲನೇ ಹಂತದ ಹುದ್ದೆಗಳಲ್ಲಿ ಶೇ. 20ನ್ನು ತನ್ನ ಸಂಸ್ಥೆಗಳಲ್ಲಿ ತರಬೇತಾದ ಶಿಶಿಕ್ಷುಗಳಿಗೆ ಮೀಸಲಿಟ್ಟಿತು. ಅದು ಸಾಲದೆಂದು 2018ರ ಮಾರ್ಚ್ 20ರಂದು ನೂರಾರು ಯುವಕರು ಮುಂಬೈಯ ಮಾಟುಂಗಾ ಮತ್ತು ದಾದರ್ ನಡುವೆ ಹಳಿಗಳ ಮೇಲೆ ಕುಳಿತರು. ಬೆಳಗಿನ ಹೊತ್ತು ಕೆಲಸಕ್ಕೆ ಹೊರಟ ಲಕ್ಷಾಂತರ ಜನರನ್ನು ತಡೆದ ಆ ವಿಧಾನವನ್ನು ಒಪ್ಪಲಾಗದು. ದಾರಿಯಲ್ಲಿರುವ ಮುಳ್ಳನ್ನು ಸರಿಸುವುದೂ ಸತ್ಕರ್ಮವೆಂದು ಕಲಿತವರು ನಾವು. ಆದರೆ ಆ ಯುವಕರು ಎತ್ತಿದ ಪ್ರಶ್ನೆಯನ್ನು ಹಳಿಯಿಂದ ಎಬ್ಬಿಸಿದಷ್ಟು ಸುಲಭವಾಗಿ ಎಬ್ಬಿಸಿ ಕಳುಹಿಸಲಾಗದು. ಮರುವರ್ಷವೇ ಅದೇ ಹಂತದ 1,03,769 ಹುದ್ದೆಗಳಿಗೆ ಒಂದು ಕೋಟಿಗೂ ಹೆಚ್ಚು ಅರ್ಜಿಗಳು ಬಂದವು, ಪರೀಕ್ಷೆ ನಡೆದುದು 2022ರಲ್ಲಿ. ಅಷ್ಟು ದೊಡ್ಡ ಜನಸಾಗರದಲ್ಲಿ ಅರ್ಜಿ ಹಾಕಲು ಅನುಮತಿ ಸಿಕ್ಕ ಮಾತ್ರಕ್ಕೆ ಕಸುಬುಗಾರನಿಗೆ ನ್ಯಾಯ ದೊರೆಯಿತೆಂದು ಹೇಳಲಾದೀತೇ? ಪದವೀಧರರು ಕೂಡ ಅದೇ ಸರತಿಯಲ್ಲಿ ನಿಂತಾಗ ಬಹುಆಯ್ಕೆ ಪ್ರಶ್ನೆಪತ್ರಿಕೆಯಲ್ಲಿ ಗೆಲ್ಲುವವರು ಅವರೇ.

ಆಕ್ಷೇಪಗಳನ್ನು ಪರಿಶೀಲಿಸೋಣ

ಮೊದಲನೆಯ ಆಕ್ಷೇಪ: ಕಸುಬಿನವನಿಗೂ ಸಾಮಾನ್ಯ ಶಿಕ್ಷಣ ಬೇಡವೇ? ಸುರಕ್ಷತಾ ಸೂಚನೆಗಳನ್ನು ಓದಲು, ವರದಿ ಬರೆಯಲು, ಮುಂದೆ ಬಡ್ತಿ ಪಡೆಯಲು ಅಕ್ಷರಜ್ಞಾನ ಅಗತ್ಯವಲ್ಲವೇ? ಖಂಡಿತ ಅಗತ್ಯ. ಇದನ್ನು ಅಲ್ಲಗಳೆಯುವವರು ಕಾರ್ಮಿಕನ ಹಿತೈಷಿಗಳಲ್ಲ. ವಿದ್ಯುತ್ ತಂತಿಯ ಎಚ್ಚರಿಕೆಯನ್ನು ಓದಲಾರದವನು ತನ್ನ ಜೀವವನ್ನೂ ಇತರರ ಜೀವವನ್ನೂ ಅಪಾಯಕ್ಕೆ ಒಡ್ಡುತ್ತಾನೆ. ಆದರೆ ಇದಕ್ಕೆ ಪರಿಹಾರ ಈಗಾಗಲೇ ಇದೆ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ ಮತ್ತು ಕೌಶಲ ಸಚಿವಾಲಯ 2016ರಲ್ಲಿ ಮಾಡಿಕೊಂಡ ಒಪ್ಪಂದದಂತೆ, ಎಂಟನೆಯ ತರಗತಿಯ ನಂತರ ಎರಡು ವರ್ಷದ ಐಟಿಐ ಮುಗಿಸಿದವರು ಭಾಷೆ ಸೇರಿದಂತೆ ಕೆಲವೇ ವಿಷಯಗಳನ್ನು ಬರೆದು ಹತ್ತನೆಯ ತರಗತಿಯ ಸಮಾನತೆಯನ್ನು ಪಡೆಯಬಹುದು. ಹತ್ತರ ನಂತರ ಐಟಿಐ ಮುಗಿಸಿದವರು ಅದೇ ರೀತಿ ಹನ್ನೆರಡನೆಯ ತರಗತಿಯ ಸಮಾನತೆಯನ್ನು ಪಡೆಯಬಹುದು. ಅಂದರೆ ಕಸುಬಿನ ಕಲಿಕೆಯನ್ನು ಉಳಿಸಿಕೊಂಡೇ ಓದುಬರಹದ ಕೊರತೆಯನ್ನು ತುಂಬಿಸುವ ದಾರಿ ತೆರೆದಿದೆ. ಈ ದಾರಿಯಲ್ಲಿ ಬಂದವನನ್ನು ನೇಮಕಾತಿಯ ಪ್ರತಿಯೊಂದು ಪ್ರಕಟಣೆಯೂ ಹೆಸರೆತ್ತಿ ಒಪ್ಪಿಕೊಳ್ಳಲಿ ಎಂಬುದಷ್ಟೇ ಬೇಡಿಕೆ.

ಎರಡನೆಯ ಆಕ್ಷೇಪ: ಹೀಗೆ ಮಾಡಿದರೆ ಅಪ್ರೆಂಟಿಸ್‌ಶಿಪ್ ಸಿಗದವರಿಗೆ ಅನ್ಯಾಯವಾಗದೇ? ದೂರದ ಹಳ್ಳಿಯ ಹುಡುಗನಿಗೆ ಕಾರ್ಖಾನೆ ಎಲ್ಲಿದೆ? ಎಸ್‌ಎಸ್‌ಎಲ್‌ಸಿ ಪರೀಕ್ಷೆಯಾದರೋ ಎಲ್ಲರಿಗೂ ಒಂದೇ ಎಂಬ ವಾದ ಇದು. ಈ ವಾದದಲ್ಲಿ ಸತ್ಯಾಂಶವಿದೆ. ಆದುದರಿಂದಲೇ ಕಸುಬಿನ ಪ್ರಮಾಣಪತ್ರ ಇಲ್ಲದವರಿಗೆ ಬಾಗಿಲು ಮುಚ್ಚಬೇಕೆಂದು ನಾನು ಹೇಳುತ್ತಿಲ್ಲ. ಅದು ಇದ್ದವನಿಗೆ ಪೂರ್ಣ ಅರ್ಹತೆಯೆಂಬ ಮನ್ನಣೆಯೂ ಆಯ್ಕೆಯಲ್ಲಿ ತೂಕವೂ ಸಿಗಲಿ. ಉಳಿದವರಿಗೆ ಆ ಕಸುಬಿನದೇ ಪ್ರಾಯೋಗಿಕ ಪರೀಕ್ಷೆ ಇರಲಿ. ಅಭ್ಯರ್ಥಿಯನ್ನು ಎಂಟು ಮೀಟರ್ ಕಂಬ ಹತ್ತಿಸಿ ನೋಡಬಲ್ಲ ಇಲಾಖೆಗೆ, ಅವನ ಕೈಗೆ ಎರಡು ತಂತಿ ಕೊಟ್ಟು ಜೋಡಿಸು ಎಂದು ಹೇಳಿ ನೋಡುವುದು ಅಸಾಧ್ಯವೇನೂ ಅಲ್ಲ.

ಸೌದಿ ಅರೇಬಿಯಾಕ್ಕೆ ದುಡಿಯಲು ಹೋಗುವವರ ಕುಟುಂಬಗಳಿಗೆ ಇದು ಚೆನ್ನಾಗಿ ಗೊತ್ತು. ಎಲೆಕ್ಟ್ರಿಷಿಯನ್, ಪ್ಲಂಬರ್, ವೆಲ್ಡರ್ ಮೊದಲಾದ ಕಸುಬುಗಳಿಗೆ ವೀಸಾ ಪಡೆಯುವ ಮೊದಲು ಇಲ್ಲಿಯೇ ಕೌಶಲ ಪರೀಕ್ಷೆಗೆ ಕುಳಿತುಕೊಳ್ಳುವ ವ್ಯವಸ್ಥೆಯನ್ನು ಆ ದೇಶ ತಂದಿದೆ. ಪರದೇಶವು ನಮ್ಮ ಹುಡುಗರ ಕೈಯನ್ನು ಪರೀಕ್ಷಿಸಿ ಕರೆದುಕೊಳ್ಳುವಾಗ ಸ್ವದೇಶವು ಅಂಕಪಟ್ಟಿಯನ್ನೇ ನೋಡುತ್ತಿರುವುದು ವಿಷಾದನೀಯ.

ಮೂರನೆಯ ಆಕ್ಷೇಪವು ನನ್ನನ್ನು ಹೆಚ್ಚು ಕಾಡುತ್ತದೆ. ಅದು ನಮ್ಮವರಿಂದಲೇ ಬರುವಂಥದು. ಕಸುಬಿನ ದಾರಿಯನ್ನು ಇಷ್ಟು ಹೊಗಳಿದರೆ ಬಡವರ ಮಕ್ಕಳು ಅಲ್ಲಿಗೇ ಮೀಸಲಾಗುವುದಿಲ್ಲವೇ? ಶ್ರೀಮಂತರ ಮಕ್ಕಳು ವೈದ್ಯರೂ ಎಂಜಿನಿಯರರೂ ಆಗಲಿ, ನಮ್ಮ ಮಕ್ಕಳು ಪಾನಾ ಹಿಡಿಯಲಿ ಎಂದಾಗುವುದಿಲ್ಲವೇ? ಈ ಭಯ ಆಧಾರವಿಲ್ಲದ್ದಲ್ಲ. 2006ರಲ್ಲಿ ಸಾಚಾರ್ ಸಮಿತಿಯು ಸಲ್ಲಿಸಿದ ವರದಿಯ ಪ್ರಕಾರ ರೈಲ್ವೆ ನೌಕರರಲ್ಲಿ ಮುಸ್ಲಿಮರ ಪಾಲು ಶೇ. 4.5 ಮಾತ್ರ, ಮತ್ತು ಅವರಲ್ಲಿ ಶೇ. 98.7 ಮಂದಿ ಕೆಳಹಂತದ ಹುದ್ದೆಗಳಲ್ಲೇ ಇದ್ದರು. ಒಳಗೆ ಪ್ರವೇಶಿಸುವುದೇ ಕಷ್ಟ, ಪ್ರವೇಶಿಸಿದವನು ಮೇಲೇರುವುದು ಇನ್ನೂ ಕಷ್ಟ ಎಂಬುದನ್ನು ಈ ಎರಡು ಅಂಕಿಗಳು ಹೇಳುತ್ತವೆ. ಆದುದರಿಂದ ಅಪ್ರೆಂಟಿಸ್‌ಶಿಪ್ ಪ್ರವೇಶದ ಬಾಗಿಲಾಗುವುದರ ಜೊತೆಗೆ ಏಣಿಯ ಮೊದಲ ಮೆಟ್ಟಿಲೂ ಆಗಬೇಕು. ಜರ್ಮನಿಯಲ್ಲಿ ಅಪ್ರೆಂಟಿಸ್ ಆಗಿ ಆರಂಭಿಸಿ, ಅನುಭವ ಪಡೆದು, 'ಮೈಸ್ಟರ್' ಪರೀಕ್ಷೆಯಲ್ಲಿ ತೇರ್ಗಡೆಯಾದ ಕುಶಲಕರ್ಮಿಯನ್ನು ಆ ದೇಶದ ಅರ್ಹತಾ ಚೌಕಟ್ಟು ಪದವೀಧರನ ಮಟ್ಟದಲ್ಲೇ, ಅಂದರೆ ಆರನೆಯ ಹಂತದಲ್ಲೇ ಇರಿಸಿದೆ. ಅಲ್ಲಿ ಕಸುಬು ಸೇರಿದವನ ಮುಂದಿನ ದಾರಿ ಮುಚ್ಚುವುದಿಲ್ಲ. ಮೇಲಿನ ಮೆಟ್ಟಿಲುಗಳಿಲ್ಲದ ಮನ್ನಣೆಯನ್ನು ನಾವು ಇಲ್ಲಿ ಕೇಳಿದರೆ ಮಕ್ಕಳಿಗೆ ಒಳಿತಿಗಿಂತ ಕೆಡುಕನ್ನೇ ಮಾಡಿದಂತಾದೀತು.

ಸನದು ಮತ್ತು ಕೈ

ಮದ್ರಸದಲ್ಲಿ ಕಲಿತವರಿಗೆ ಅಪ್ರೆಂಟಿಸ್‌ಶಿಪ್‌ನ ಮರ್ಮವನ್ನು ವಿವರಿಸಬೇಕಾಗಿಲ್ಲ. ನಮ್ಮ ಪರಂಪರೆಯಲ್ಲಿ ಇಜಾಝತ್ ಎಂಬುದು ಅದೇ ಅಲ್ಲವೇ? ಕುರ್‌ಆನ್ ಪಾರಾಯಣದ ಇಜಾಝತ್ ಪಡೆಯಬೇಕಾದರೆ ತಜ್ವೀದಿನ ನಿಯಮಗಳನ್ನು ಬರೆದು ತೋರಿಸಿದರೆ ಸಾಲದು. ಉಸ್ತಾದರ ಮುಂದೆ ಕುಳಿತು ಓದಬೇಕು, ಅವರು ಕೇಳಬೇಕು, ತಿದ್ದಬೇಕು, ಮತ್ತೆ ಓದಿಸಬೇಕು. ಆಮೇಲೆ ಅವರು ಸನದು ಕೊಡುತ್ತಾರೆ. ಅವರ ಉಸ್ತಾದರು ಅವರಿಗೆ ಹೀಗೆಯೇ ಕೊಟ್ಟಿರುತ್ತಾರೆ. ಬಲ್ಲವನು ಕಂಡು, ಕೇಳಿ ಕೊಟ್ಟ ಸಾಕ್ಷಿಯೇ ಶತಮಾನಗಳ ಕಾಲ ನಮ್ಮಲ್ಲಿ ಅರ್ಹತೆಯ ಆಧಾರವಾಗಿ ನಿಂತಿದೆ. ನಮ್ಮ ಊರುಗಳ ಗ್ಯಾರೇಜುಗಳಲ್ಲಿಯೂ ಹಿರಿಯ ಮೆಕ್ಯಾನಿಕನನ್ನು ಹುಡುಗರು 'ಉಸ್ತಾದ್' ಎಂದೇ ಕರೆಯುವುದು ಆಕಸ್ಮಿಕವೇನಲ್ಲ.

ನಾನೂ ಆಲಿಮ್ ಶಿಕ್ಷಣ ಮುಗಿಸಿದ ನಂತರ ಖಾಸಗಿಯಾಗಿ ಪರೀಕ್ಷೆಗಳನ್ನು ಬರೆದು, ಕನ್ನಡದಲ್ಲಿ ಬಿಎ ಪದವಿ ಪಡೆದವನು. ವರ್ಷಗಟ್ಟಲೆ ಕಲಿತದ್ದು ಕಚೇರಿಯ ಅರ್ಜಿಯಲ್ಲಿ ಖಾಲಿ ಜಾಗವಾಗಿ ಉಳಿಯುವುದೆಂದರೇನು ಎಂಬುದನ್ನು ಬಲ್ಲೆ. ಮದ್ರಸದ ಪದವಿಗಳಿಗೆ ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ಮನ್ನಣೆ ಕೊಡುವಂತೆ ಸಾಚಾರ್ ಸಮಿತಿಯೂ ಶಿಫಾರಸು ಮಾಡಿತ್ತು. ಆದರೆ ಎರಡನ್ನೂ ನಾನು ಒಂದೇ ತಕ್ಕಡಿಯಲ್ಲಿ ಇಡಲಾರೆ. ಮದ್ರಸಗಳ ಪಠ್ಯಕ್ರಮ ಒಂದೊಂದು ಕಡೆ ಒಂದೊಂದು ರೀತಿ, ಅವುಗಳ ತೂಕವನ್ನು ಸರಕಾರ ಹೇಗೆ ನಿರ್ಧರಿಸಬೇಕೆಂಬ ಪ್ರಶ್ನೆ ನ್ಯಾಯವಾದದ್ದೇ. ಶಿಶಿಕ್ಷುವಿನ ವಿಷಯದಲ್ಲಿ ಅಂತಹ ಗೊಂದಲವೇ ಇಲ್ಲ. ಅವನ ಪಠ್ಯಕ್ರಮ, ಪರೀಕ್ಷೆ, ಮುದ್ರೆ ಎಲ್ಲವೂ ಸರಕಾರದ್ದೇ. ಹೀಗಾಗಿ ಅವನ ವಾದ ನನ್ನ ವಾದಕ್ಕಿಂತಲೂ ಬಲವಾದುದು.

ಕೈಯ ದುಡಿಮೆಯ ಬಗ್ಗೆ ನಮ್ಮ ದೀನ್ ಏನು ಕಲಿಸುತ್ತದೆ ಎಂಬುದನ್ನು ಉದ್ದವಾಗಿ ಹೇಳಬೇಕಾಗಿಲ್ಲ. ಹಝ್ರತ್ ನೂಹ್(ಅ) ಹಡಗು ಕಟ್ಟಿದರು. ಹಝ್ರತ್ ದಾವೂದ್(ಅ) ಕಬ್ಬಿಣದ ಕವಚ ಹೆಣೆದರು, ಅರಸರಾಗಿದ್ದೂ ತಮ್ಮ ಕೈಯ ದುಡಿಮೆಯಿಂದಲೇ ಉಂಡರು. ಹಝ್ರತ್ ಝಕರಿಯ್ಯಾ(ಅ) ಬಡಗಿಯಾಗಿದ್ದರು. ಸಹಾಬಿ ಹಝ್ರತ್ ಖಬ್ಬಾಬ್(ರ) ಮಕ್ಕಾದಲ್ಲಿ ಕಮ್ಮಾರಿಕೆ ಮಾಡುತ್ತಿದ್ದರು. ಇದೆಲ್ಲವನ್ನೂ ಜುಮುಅದ ಬಯಾನಿನಲ್ಲಿ ಕೇಳಿ ತಲೆದೂಗುವ ನಾವು, ಮಗಳಿಗೆ ಸಂಬಂಧ ನೋಡುವಾಗ ಹುಡುಗ ಫಿಟ್ಟರ್ ಎಂದರೆ ಮುಖ ತಿರುಗಿಸುತ್ತೇವೆ. ನಾವೇ ಗೌರವಿಸದ ಕಸುಬನ್ನು ಸರಕಾರ ಗೌರವಿಸಲಿ ಎಂದು ಕೇಳುವ ಮಾತಿಗೆ ಬಲವೆಲ್ಲಿಂದ ಬಂದೀತು?

ನೋಂದಣಿಯಾಗದ ಹುಡುಗರು

ಇಷ್ಟರವರೆಗೆ ಹೇಳಿದ್ದು ಪ್ರಮಾಣಪತ್ರ ಇರುವವರ ಮಾತು. ನಮ್ಮ ಮಕ್ಕಳಲ್ಲಿ ಹೆಚ್ಚಿನವರ ಬಳಿ ಅದೂ ಇಲ್ಲ. ಅಪ್ರೆಂಟಿಸ್ ನಿಯಮಗಳ ಪ್ರಕಾರ ನಾಲ್ಕಕ್ಕಿಂತ ಕಡಿಮೆ ಮಂದಿ ಕೆಲಸ ಮಾಡುವ ಸ್ಥಳವು ಶಿಶಿಕ್ಷುಗಳನ್ನು ತೆಗೆದುಕೊಳ್ಳಲು ಬರುವುದೇ ಇಲ್ಲ. 4ರಿಂದ 29 ಮಂದಿ ಇರುವಲ್ಲಿ ಅದು ಮಾಲೀಕನ ಇಚ್ಛೆಗೆ ಬಿಟ್ಟದ್ದು. ರಸ್ತೆ ಬದಿಯ ಒಬ್ಬ ಉಸ್ತಾದ್, ಇಬ್ಬರು ಹುಡುಗರ ಗ್ಯಾರೇಜು ಕಾನೂನಿನ ಕಣ್ಣಿಗೆ ಕಲಿಕೆಯ ತಾಣವೇ ಅಲ್ಲ. ಅಲ್ಲಿ ಏಳು ವರ್ಷ ಕಲಿತು, ಶಬ್ದ ಕೇಳಿಯೇ ಎಂಜಿನ್ನಿನ ದೋಷ ಹೇಳಬಲ್ಲ ಯುವಕನು ದಾಖಲೆಗಳಲ್ಲಿ ಅಕುಶಲ ಕಾರ್ಮಿಕನಾಗಿಯೇ ಉಳಿಯುತ್ತಾನೆ. ಪೂರ್ವ ಕಲಿಕೆಯ ಮಾನ್ಯತೆ ಎಂಬ ಹೆಸರಿನಲ್ಲಿ ಕೌಶಲ ಯೋಜನೆಯಡಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಬಂದಿದೆ. ಆದರೆ ಕೆಲವೇ ದಿನಗಳ ಪರಿಚಯ ತರಬೇತಿಯ ನಂತರ ಸಿಗುವ ಆ ಕಾಗದವು ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರಕ್ಕೆ ಸಮನಾಗುವುದಿಲ್ಲ. ಅಂತಹ ಯುವಕನಿಗೆ ಖಾಸಗಿ ಅಭ್ಯರ್ಥಿಯಾಗಿ ಅದೇ ಅಖಿಲ ಭಾರತ ಮಟ್ಟದ ಕಸುಬಿನ ಪರೀಕ್ಷೆಗೆ ಕುಳಿತುಕೊಳ್ಳುವ ದಾರಿ ಸುಗಮವಾಗಬೇಕು. ಪರೀಕ್ಷೆಯನ್ನು ಸಡಿಲಿಸುವುದು ಬೇಡ. ಪರೀಕ್ಷೆಯವರೆಗೆ ತಲುಪುವ ದಾರಿಯ ಅಡೆತಡೆಗಳು ಸಡಿಲವಾಗಲಿ.

ಸರಕಾರದ ಮುಂದೆ ಇಡಬೇಕಾದ ಬೇಡಿಕೆಗಳನ್ನು ಹೀಗೆ ಸಂಗ್ರಹಿಸಬಹುದು. ತಾಂತ್ರಿಕ ಕಸುಬಿನ ಪ್ರತಿಯೊಂದು ಹುದ್ದೆಗೂ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರವನ್ನು ಐಟಿಐ ಪ್ರಮಾಣಪತ್ರಕ್ಕೆ ಸರಿಸಮನಾದ ಅರ್ಹತೆಯೆಂದು ರಾಜ್ಯದ ನೇಮಕಾತಿ ನಿಯಮಗಳಲ್ಲೇ ನಮೂದಿಸಬೇಕು. ಆಯ್ಕೆಯ ಅಂಕಗಳಲ್ಲಿ ಅದಕ್ಕೆ ನಿರ್ದಿಷ್ಟ ತೂಕ ಇರಬೇಕು. ಪ್ರಮಾಣಪತ್ರ ಇಲ್ಲದವರನ್ನು ಆಯ್ಕೆ ಮಾಡುವಾಗ ಪ್ರಾಯೋಗಿಕ ಪರೀಕ್ಷೆ ಕಡ್ಡಾಯವಾಗಬೇಕು. ಪ್ರತಿಯೊಂದು ಸಾರ್ವಜನಿಕ ಉದ್ದಿಮೆಯೂ 22ನೇ ಕಲಮಿನಂತೆ ರೂಪಿಸಿದ ತನ್ನ ನೀತಿಯನ್ನು ಬಹಿರಂಗಪಡಿಸಬೇಕು, ಇದರಿಂದ ಸೇರುವ ಮೊದಲೇ ಹುಡುಗನಿಗೆ ತನ್ನ ಮುಂದಿನ ದಾರಿ ತಿಳಿಯುತ್ತದೆ.

ಸಹೋದರ ಸಹೋದರಿಯರೇ, ಸರಕಾರದಿಂದ ಕೇಳುವುದರ ಜೊತೆಗೆ ನಮ್ಮ ಕೈಯಲ್ಲಿರುವುದನ್ನೂ ಮಾಡೋಣ. ಯಾವ ಕಾರಣಕ್ಕೂ ಮಗನನ್ನು ಹತ್ತನೆಯ ತರಗತಿಗೆ ಮೊದಲು ಗ್ಯಾರೇಜಿಗೆ ಕಳುಹಿಸಬೇಡಿ. ಇಂದಿನ ನಿಯಮಗಳಲ್ಲಿ ಹೆಚ್ಚಿನ ಬಾಗಿಲುಗಳಿಗೆ ಹತ್ತನೆಯ ತರಗತಿಯೇ ಮೊದಲ ಬೀಗದ ಕೈ. ಕಲಿಯುವುದು ಕಸುಬೇ ಆದರೆ ಒಪ್ಪಂದ ನೋಂದಣಿಯಾಗಿರುವ ಸ್ಥಳದಲ್ಲೇ ಕಲಿಯಲಿ. ಸಹಿ ಹಾಕುವ ಮೊದಲು ಒಪ್ಪಂದದಲ್ಲಿ ಕಸುಬಿನ ಹೆಸರು, ಅವಧಿ, ಕೊನೆಯಲ್ಲಿ ಸಿಗುವ ಪ್ರಮಾಣಪತ್ರ ಯಾವುದು ಎಂಬುದನ್ನು ಓದಿ ನೋಡಿ. ಹೆಣ್ಣುಮಕ್ಕಳಿಗೂ ಈ ದಾರಿ ಇದೆ ಎಂಬುದನ್ನು ಮರೆಯದಿರಿ. ಮಸೀದಿ ಜಮಾಅತ್‌ಗಳು ವರ್ಷಕ್ಕೊಮ್ಮೆ ತಮ್ಮ ಮಹಲ್ಲಾದಲ್ಲಿ ಕಸುಬು ಕಲಿಯುತ್ತಿರುವ ಹುಡುಗರ ಪಟ್ಟಿ ಮಾಡಿ, ಯಾರಿಗೆ ಪ್ರಮಾಣಪತ್ರವಿದೆ, ಯಾರಿಗೆ ಭಾಷೆಯ ಪರೀಕ್ಷೆ ಬರೆಸಿದರೆ ಸಾಕು ಎಂದು ನೋಡಿದರೆ ಅದೇ ದೊಡ್ಡ ಸೇವೆಯಾದೀತು. ದೊಡ್ಡ ವರ್ಕ್‌ಶಾಪ್ ನಡೆಸುವ ನಮ್ಮ ಉದ್ಯಮಿಗಳು ತಮ್ಮಲ್ಲಿ ದುಡಿಯುವ ಹುಡುಗರನ್ನು ಶಿಶಿಕ್ಷುಗಳಾಗಿ ನೋಂದಾಯಿಸಲಿ. 2016ರಲ್ಲಿ ಆರಂಭವಾದ ರಾಷ್ಟ್ರೀಯ ಯೋಜನೆಯಂತೆ ಶಿಷ್ಯವೇತನದ ಶೇ. 25ನ್ನು, ತಿಂಗಳಿಗೆ 1,500 ರೂಪಾಯಿಯ ಮಿತಿಯಲ್ಲಿ, ಸರಕಾರವೇ ಭರಿಸುತ್ತದೆ. ತಮ್ಮ ಅಂಗಡಿಯಲ್ಲಿ ಬೆವರು ಸುರಿಸಿದ ಹುಡುಗನಿಗೆ ಕೂಲಿಯ ಜೊತೆಗೆ ಒಂದು ಸನದನ್ನೂ ಕೊಟ್ಟು ಕಳುಹಿಸುವುದು ಆ ಹುಡುಗನ ಹಕ್ಕನ್ನು ಸಲ್ಲಿಸಿದಂತೆಯೇ.

ಹೊಣೆಯನ್ನು ಅದಕ್ಕೆ ತಕ್ಕವರ ಕೈಗೆ ಒಪ್ಪಿಸಬೇಕೆಂಬುದು ಅಲ್ಲಾಹನ ಆಜ್ಞೆ. ತಕ್ಕವನು ಯಾರೆಂದು ಗುರುತಿಸುವ ಬಲ್ಲವಿಕೆ ಆಳುವವರಿಗೂ, ತಕ್ಕವನಾಗುವ ಪರಿಶ್ರಮ ನಮ್ಮ ಮಕ್ಕಳಿಗೂ ಲಭಿಸಲಿ. ಅವರ ಕೈಗಳ ದುಡಿಮೆಯಲ್ಲಿ ಅಲ್ಲಾಹನು ಬರಕತ್ ನೀಡಲಿ. ಆಮೀನ್.